ಎಂಟು ಗೋಲಿನ ಕೈಗವಸು

ಬೆಳ್ಳಿಯ ಕಪ್ ಇದ್ದಲ್ಲೇ ಇತ್ತು. ಅದರ ಕೆಳಗಿನ ಹಲಗೆಯ ಮೇಲಿದ್ದ ಕೈಗವಸುಗಳು ಇರಲಿಲ್ಲ.

ದಾಖಲೆಯಮ್ಮ ಗಾಜಿನ ಬೀರುವಿನ ಮುಂದೆ ನಿಂತು ಎರಡೆರಡು ಸಲ ಕಣ್ಣುಜ್ಜಿಕೊಂಡಳು. ಬೀರುವಿನ ಬಾಗಿಲು ಒಂದು ಬೆರಳು ತೂರುವಷ್ಟು ತೆರೆದಿತ್ತು. ಬೀಗ ಒಡೆದಿರಲಿಲ್ಲ. ಗಾಜು ಬಿರಿದಿರಲಿಲ್ಲ. ಕೈಗವಸು ಇದ್ದ ಜಾಗದಲ್ಲಿ ಧೂಳು ಕೂರದೆ ಉಳಿದ ಎರಡು ಅಂಗೈಗಳ ಆಕಾರ ಮಾತ್ರ ಇತ್ತು — ಯಾರೋ ‘ಸಾಕು, ನಿಲ್ಲಿಸಿ’ ಎಂದು ಕೈ ಎತ್ತಿದ ಹಾಗೆ.

ಕಳ್ಳನಾದವನು ಬೆಳ್ಳಿ ಬಿಟ್ಟು ಚಿಂದಿ ಒಯ್ಯುತ್ತಾನೆಯೇ?

ಅವಳು ಹೆದರಿದಳು. ಕಳವಾದದ್ದಕ್ಕಲ್ಲ. ಈಗ ಯಾರ ಹೆಸರು ಬರುತ್ತದೆ ಎಂಬುದು ಅವಳಿಗೆ ಆಗಲೇ ಗೊತ್ತಾಗಿತ್ತು.

ಅದು ದೇಶದ ಕಿರಿಯರ ಫುಟ್‌ಬಾಲ್ ತಂಡದ ದಾಖಲೆ ಕೋಣೆ; ನೋಡಿಕೊಳ್ಳುವವಳು ಅವಳು. ಸಂಘದ ಹಳೆಯ ಕಟ್ಟಡದ ಮಾಳಿಗೆ, ಕೆಳಗೆ ಮೈದಾನ. ಗೋಡೆಗಳ ತುಂಬ ಆ ತಂಡದ ಬಾಳು. ನಿಜ ಹೇಳಬೇಕೆಂದರೆ ಬಹುಪಾಲು ಸೋಲಿನ ಬಾಳು. ಮೊದಲ ಪಂದ್ಯ ಸೋಲು. ಮೊದಲ ಪ್ರವಾಸದಲ್ಲಿ ಆಡಿದ್ದೆಲ್ಲ ಸೋಲು. ಮಳೆಯಲ್ಲಿ ಚೆಂಡು ತೇಲಿದ ಒಂದು ದಿನ ಮಾತ್ರ ಸಮ; ಅಷ್ಟಕ್ಕೇ ಊರವರು ಹುಡುಗರನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು. ಬೂಟು ಸಾಲದೆ ತಂಡವನ್ನೇ ಕಳಿಸದ ವರ್ಷಗಳೂ ಉಂಟು. ಆಮೇಲೆ, ಬರಡು ಮರ ಒಮ್ಮೆ ಹೂ ಬಿಟ್ಟಂತೆ, ಒಂದು ವರ್ಷ ನೆರೆಯ ದೇಶಗಳನ್ನೆಲ್ಲ ಗೆದ್ದು ಈ ಬೆಳ್ಳಿ ಕಪ್ ಬಂತು. ಅಲ್ಲಿಂದ ಇಡೀ ಖಂಡದ ಕಿರಿಯರ ಪಂದ್ಯಾವಳಿ. ಅದರಲ್ಲಿ ಫೈನಲ್. ಫೈನಲ್‌ನಲ್ಲಿ ಎಂಟು ಗೋಲುಗಳ ಸೋಲು. ಮುಂದೆ ಇವತ್ತಿನವರೆಗೂ ತಂಡ ಮೊದಲ ಸುತ್ತು ದಾಟಿಲ್ಲ. ದೇವರು ಕೊಡುವಾಗ ಒಂದು ಬೊಗಸೆ ಕೊಟ್ಟ. ಅದೂ ಬೆರಳ ಸಂದಿಯಲ್ಲಿ ಸೋರಿಹೋಯಿತು.

ಸೋರಿಹೋಗಲು ಯಾರ ಬೆರಳು ಕಾರಣ? ಊರೆಲ್ಲ ಒಬ್ಬನನ್ನೇ ತೋರಿಸಿತು. ಗೋಲ್‌ಕೀಪರ್. ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ‘ಅವನು ಪಂದ್ಯ ಮಾರಿಕೊಂಡ’ ಎಂದರು. ಕೈಗೆ ಬಂದ ಚೆಂಡನ್ನೂ ಬಿಟ್ಟನಂತೆ. ‘ಎಂಟಪ್ಪ’ ಎಂದು ಅಡ್ಡಹೆಸರಿಟ್ಟರು. ಅವನ ಕೈಗವಸನ್ನು ತಂದು ಕಪ್‌ನ ಕೆಳಗೆ ಇಟ್ಟರು. ಮೇಲೆ ಮಾನ, ಕೆಳಗೆ ಅವಮಾನ. ಅವನು ಆಟ ಬಿಟ್ಟ, ಬೀಗ ರಿಪೇರಿ ಕಲಿತ, ಬೀದಿಯ ಕೊನೆಯಲ್ಲಿ ಒಂದು ಗೂಡಂಗಡಿ ಹಾಕಿದ. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಕಟ್ಟಡದ ಮೆಟ್ಟಿಲು ಹತ್ತಿದವನಲ್ಲ.

ನಿನ್ನೆ ಹತ್ತಿದ್ದ. ಬೀರುವಿನ ಬೀಗ ಕೆಟ್ಟಿತ್ತು. ಕರೆಸಿದವಳು ದಾಖಲೆಯಮ್ಮನೇ.

*

“ಬೀಗ ಒಡೆದಿಲ್ಲ. ನಿನ್ನೆ ಬೀಗದವನು ಬಂದಿದ್ದ. ಕಳುವಾದ ಮಾಲು ಅವನದೇ,” ಎಂದ ಇನ್ಸ್‌ಪೆಕ್ಟರ್. “ಇನ್ನೇನಮ್ಮ ಬೇಕು? ಕೊನೇಲಿ ಒಂದು ಗಾದೆ ಬೇಕಾ?”

“ಅವರಿಗೆ ಬೇಕಿದ್ರೆ ಕೇಳಿದ್ರೆ ನಾನೇ ಕೊಡ್ತಿದ್ದೆ ಸರ್. ಆ ಕಡೆ ತಿರುಗಿ ಸಹ ನೋಡಲಿಲ್ಲ ಅವರು.”

“ನೋಡದವನೇ ಕದಿಯೋದು.”

ಇನ್ಸ್‌ಪೆಕ್ಟರ್ ಕೆಟ್ಟವನಲ್ಲ, ಅವಸರದವನು. ಮಧ್ಯಾಹ್ನ ತಂಡದ ಸುವರ್ಣ ಮಹೋತ್ಸವ. ಕೆಳಗೆ ಮೈದಾನದಲ್ಲಿ ಆಗಲೇ ಕುರ್ಚಿಗಳು ಬೀಳುತ್ತಿದ್ದವು. ಅತಿಥಿಗಳು ಬರುವ ಮೊದಲು ಕಳ್ಳ ಸಿಗಬೇಕು, ಅಷ್ಟೇ.

ಉತ್ಸವಕ್ಕೆಂದು ದಾಖಲೆಯಮ್ಮ ಕೋಣೆಯ ಕೊನೆಯ ಮೂಲೆಯನ್ನು ಪುಟ್ಟ ಮೈದಾನದಂತೆ ಮಾಡಿದ್ದಳು. ನೆಲಕ್ಕೆ ಹಸಿರು ಹಾಸು. ಹಾಸಿನ ಅಂಚಿನಲ್ಲಿ, ಗೋಡೆಯಿಂದ ಗೋಡೆಗೆ, ಮೈದಾನಕ್ಕೆ ಹಾಕುವ ಸುಣ್ಣದ ಪುಡಿಯದೇ ಒಂದು ಬಿಳಿ ಗೆರೆ. ಗೆರೆಯ ಆಚೆ ಈ ಬೀರು. ಬೀರು ಮುಟ್ಟಬೇಕಾದರೆ ಗೆರೆ ದಾಟಲೇಬೇಕು.

ಇನ್ಸ್‌ಪೆಕ್ಟರ್ ಗೆರೆಯನ್ನು ತೋರಿಸಿದ. “ಒಂದು ಹೆಜ್ಜೆ ಗುರುತಾದ್ರೂ ಇದೆಯಾ? ಇಲ್ಲ. ಅಂದ್ರೆ ಗೆರೆ ಹಾಕೋಕೆ ಮುಂಚೇನೇ ಮಾಲು ಹೋಗಿದೆ. ನಿನ್ನೆ ಬೆಳಿಗ್ಗೆ ಇಲ್ಲಿ ಕೆಲಸ ಮಾಡಿದ್ದು ಯಾರು? ಅವನು.”

“ಗೆರೆ ಹಾಕಿದ ಮೇಲೂ ಗವಸು ಇತ್ತು ಸರ್. ನಾನು ನೋಡಿದೀನಿ.”

“ನೋಡಿದ್ರಾ? ಇದೆ ಅಂದ್ಕೊಂಡ್ರಾ?”

ಅವಳು ಖಾಲಿ ಹಲಗೆಯತ್ತ ನೋಡಿದಳು. ದಿನಾ ನೋಡುವ ವಸ್ತುವನ್ನು ಕಣ್ಣು ನೋಡುವುದಿಲ್ಲ, ಮನಸ್ಸು ಸಾಕ್ಷಿ ಹೇಳಿಬಿಡುತ್ತದೆ. ನೋಡಿದ್ದೆನೇ?

“ಅವನನ್ನ ಕರ್ಕೊಂಡು ಬರೋಕೆ ಪೇದೇನ ಕಳಿಸಿದೀನಿ,” ಎಂದ ಇನ್ಸ್‌ಪೆಕ್ಟರ್.

ದಾಖಲೆಯಮ್ಮ ಜಗಲಿಗೆ ಹೋಗಿ ತನ್ನ ಸೋದರಮಾವನಿಗೆ ಫೋನ್ ಮಾಡಿದಳು. ಒಬ್ಬ ಮನುಷ್ಯನಿಗೆ ಒಂದು ಜನ್ಮಕ್ಕೆ ಒಂದು ಅಪವಾದವೇ ಹೆಚ್ಚು. ಎರಡನೆಯದು ತನ್ನ ಕೈಯಿಂದ ಬಂದರೆ ಆ ಪಾಪಕ್ಕೆ ಯಾವ ನೀರಿನ ಸ್ನಾನ?

*

ಸೋದರಮಾವ ಹಳೆಯ ರೆಫ್ರಿ. ಮೈದಾನದ ಮಂದಿಗೆಲ್ಲ ‘ಸೀಟಿ ಮಾವ’. ಹೋದ ವರ್ಷ ಸಂಘದ ಗೋದಾಮಿನಿಂದ ಚೆಂಡುಗಳು ಮಾಯವಾದಾಗ ಕಳ್ಳನನ್ನು ಅವನ ನಡಿಗೆಯಿಂದಲೇ ಹಿಡಿದಿದ್ದ. ಅಂದಿನಿಂದ ಇನ್ಸ್‌ಪೆಕ್ಟರಿಗೂ ಅವನ ಮೇಲೆ ಒಂದು ಬಗೆಯ ಮುನಿಸಿನ ಗೌರವ.

“ಏನಮ್ಮಾ, ಹಬ್ಬದ ದಿನ ಅಳ್ತಾ ಕೂತಿದೀಯ? ಬಿಳೀ ಕೂದ್ಲಿಗೆ ಶೋಭಿಸಲ್ಲ,” ಎಂದ ಬಂದವನೇ.

“ನಗಬೇಡ ಮಾವ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದಾರೆ.”

“ಎಮ್ಮೆಗೆ ಜ್ವರ ಇಲ್ಲ ಅಂತ ನಿಂಗೆ ಹೇಗೆ ಗೊತ್ತು?”

ಮಾವ ಅವಳ ಮುಖ ನೋಡಿದ. ತಮಾಷೆ ನಿಲ್ಲಿಸಿದ.

“ಹೇಳು. ನಿನ್ನೆ ಈ ಮಾಳಿಗೆಗೆ ಯಾರು ಯಾರು ಬಂದ್ರು?”

“ಬೀಗದವರು ಬೆಳಿಗ್ಗೆ ಬಂದು ರಿಪೇರಿ ಮಾಡಿ ಹೋದ್ರು. ಆಮೇಲೆ ನಾನು ಗೆರೆ ಹಾಕ್ದೆ. ಮಧ್ಯಾಹ್ನ ಅಧ್ಯಕ್ಷರು ಬಂದ್ರು, ಮೇಷ್ಟ್ರು ಬಂದ್ರು, ಆ ಚರಿತ್ರೆ ಬರೆಯೋ ಹುಡುಗ ಬಂದ. ಮೂವರೂ ಗೆರೆಯ ಈಚೆಯಿಂದ ನೋಡಿದ್ರು. ಆಫೀಸಲ್ಲಿ ಚಹಾ ಕುಡಿದ್ರು. ಅಷ್ಟರಲ್ಲಿ ಬೀಗದವರು ಎರಡನೇ ಕೀಲಿಕೈ ಮಾಡ್ಕೊಂಡು ತಿರುಗಿ ಬಂದ್ರು, ಬೀರುವಿನ ಬೀಗ ತೆಗೆದು, ಮತ್ತೆ ಹಾಕಿ ನೋಡಿದ್ರು.”

“ಗೆರೆ ದಾಟಿ ಹೋದ್ನಾ?”

“ದಾಟೋದೇನು, ಎರಡೂ ಕಾಲು ಗೆರೆ ಮೇಲೇ ಇಟ್ಟು ನಿಂತ್ಬಿಟ್ರು. ಹೊಸ್ತಿಲ ಮೇಲೆ ನಿಂತ ಮಗು ಹಾಗೆ. ಅವರು ಕೆಲಸ ಮುಗಿಸಿ ಗೆರೆಯ ಈಚೆ ಬಂದ ಮೇಲೆ ನಾನು ಮತ್ತೆ ಪುಡಿ ಹಾಕಿ, ಮರದ ಪಟ್ಟಿಯಿಂದ ಸಮ ಮಾಡ್ದೆ. ಆಗ...” ಅವಳು ಥಟ್ಟನೆ ನಿಲ್ಲಿಸಿದಳು. “ಆಗ ಗವಸು ಇತ್ತು ಮಾವ. ಬಗ್ಗಿ ಸಮ ಮಾಡ್ತಿದ್ದಾಗ ನನ್ನ ಕಣ್ಣಿಗೆ ನೇರಕ್ಕೇ ಇತ್ತು. ಇನ್ಸ್‌ಪೆಕ್ಟರ್ ಹೇಳಿದ್ದಕ್ಕೆ ನನ್ನ ಮೇಲೇ ನನಗೆ ಅನುಮಾನ ಬಂದ್ಬಿಟ್ಟಿತ್ತು.”

“ಕೀಲಿಕೈ?”

“ಎರಡನ್ನೂ ಆಫೀಸಿನ ಮೊಳೆಗೆ ತಗುಲಿಹಾಕ್ದೆ. ಬೀಗದವರನ್ನ ಉಗ್ರಾಣದ ಬಾಗಿಲು ತೋರಿಸೋಕೆ ಕರ್ಕೊಂಡು ಹೋದೆ. ವಾಪಸ್ ಬರುವಾಗ ಉಳಿದವರೆಲ್ಲ ಹೊರಡೋದ್ರಲ್ಲಿದ್ರು.”

“ಚಹಾ ಕುಡೀತಾ ಏನು ಮಾತಾಡಿದ್ರಿ?”

“ಇದೇ. ಉತ್ಸವದ್ದು. ಇವತ್ತು ಹಳೇ ಬಟ್ಟೆ ಸರಿಮಾಡೋಳು ಬರ್ತಾಳೆ, ಗವಸು ಬಿಚ್ಚಿ ಒಳಗೆಲ್ಲ ತೊಳೀತಾಳೆ ಅಂದೆ. ಬಲಗೈದು ಒಂದು ಬೆರಳು ಮರದ ಹಾಗೆ ಸೆಟೆದಿದೆ, ಕೆಸರು ಒಣಗಿರಬೇಕು ಅಂತ ಹೇಳಿದೆ.”

ಮಾವ ಹುಬ್ಬು ಮೇಲೆತ್ತಿದ. ಏನೂ ಹೇಳದೆ ಗೆರೆಯ ಹತ್ತಿರ ಹೋಗಿ ಮಂಡಿಯೂರಿದ. ಕೀಲು ಕಟಕ್ಕೆಂದಿತು.

“ಏಳೋಕಾಗತ್ತಾ ಮಾವ?”

“ಏಳೋದು ಆಮೇಲಿನ ಮಾತು. ಇದೇನು?”

ಗೆರೆಯ ಒಳ ಅಂಚಿನಲ್ಲಿ, ಪುಡಿಯಲ್ಲಿ, ಮೂರು ಸಣ್ಣ ಗುಳಿಗಳು. ಒಂದರ ಪಕ್ಕ ಒಂದು.

“ಅದಾ? ನಾನೂ ನೋಡ್ದೆ,” ಎಂದ ಇನ್ಸ್‌ಪೆಕ್ಟರ್ ಬಾಗಿಲಿನಿಂದಲೇ. “ಇಲಿ. ಇಲ್ಲಾಂದ್ರೆ ಕೀಲಿಕೈ ಏನಾದ್ರೂ ಬಿದ್ದಿರಬೇಕು.”

“ಇಲಿ ಮೂರೇ ಕಾಲಲ್ಲಿ ಒಂದೇ ಕಡೆ ನಿಂತು ಆಕಾಶಕ್ಕೆ ಹಾರಿತಾ ಸ್ವಾಮಿ?”

“ಮಾವಾ, ನನಗೆ ಟೈಮಿಲ್ಲ.”

“ನನಗೂ ಇಲ್ಲ. ಎಂಬತ್ತಕ್ಕೆ ಹತ್ತಿರ ಬಂದೆ.” ಮಾವ ಗೋಡೆ ಹಿಡಿದು ಎದ್ದ. ಅವನ ಮುಖದಲ್ಲಿ ಗೆಲುವಿರಲಿಲ್ಲ. ಸಾವಿನ ಮನೆಯ ವಿಳಾಸ ಸಿಕ್ಕಿದವನಂತಿದ್ದ. “ಆ ಮೂವರನ್ನೂ ಕರೆಸಿ. ಬೀಗದವನೂ ಬರಲಿ.”

*

ಮೊದಲು ಬಂದವನು ಚರಿತ್ರೆಗಾರ. ತಂಡದ ಐವತ್ತು ವರ್ಷದ ಪುಸ್ತಕ ಬರೆಯುತ್ತಿದ್ದ ತರುಣ. ಒಂದು ದಿನವೂ ಚೆಂಡು ಒದ್ದವನಲ್ಲ. ಆದರೆ ಯಾವ ವರ್ಷ ಯಾರ ಎದುರು ಎಷ್ಟು ಎಂದು ನಿದ್ದೆಯಲ್ಲೂ ಹೇಳುವವನು.

“ನಿನ್ನೆ ಗೆರೆಯ ಆಚೆ ಹೋಗಿದ್ಯಾ?” ಎಂದು ಮಾವ ಕೇಳಿದ.

“ಇಲ್ಲ ಸರ್. ಈಚೆಯಿಂದಲೇ ಫೋಟೋ ತೆಗೆದೆ.”

“ಫೈನಲ್ ಬಗ್ಗೆ ಏನು ಬರೆದಿದೀಯ?”

ಹುಡುಗ ತಲೆ ತಗ್ಗಿಸಿದ. “ಜನ ಏನಂತಾರೋ ಅದನ್ನೇ.”

“ಜನ ಅಂದ್ರೆ ಯಾರು?”

ಹುಡುಗ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕ ಮುಚ್ಚಿದ.

ಮೇಷ್ಟ್ರು ಊರುಗೋಲಿನ ಮೇಲೆ ಬಂದರು. ಆ ತಂಡವನ್ನು ತಿದ್ದಿ ತೀಡಿದ ತರಬೇತುದಾರರು. ಲಕ್ವ ಹೊಡೆದು ಎಡಗಾಲು ಎಳೆಯುತ್ತಿತ್ತು. ದನಿ ಮಾತ್ರ ಇನ್ನೂ ಬಾರುಕೋಲು.

“ಆ ಗವಸು ಹೋದ್ರೆ ಹೋಗ್ಲಿ ಬಿಡಿ. ಪೀಡೆ. ನಾನಾಗಿದ್ರೆ ಅವತ್ತೇ ಒಲೆಗೆ ಹಾಕ್ತಿದ್ದೆ.”

“ಹುಡುಗ ಮಾರ್ಕೊಂಡ ಅಂತ ಮೊದಲು ಅಂದೋರು ಯಾರು ಮೇಷ್ಟ್ರೇ?” ಎಂದ ಮಾವ ಮೆಲ್ಲಗೆ.

“ನಾನೇ ಅಂದೆ. ಬಟ್ಟೆ ಬದಲಾಯ್ಸೋ ಕೋಣೇಲಿ, ಎಲ್ಲರ ಮುಂದೆ. ಏನಾಯ್ತೋ ಅಂತ ಹತ್ತು ಸಲ ಕೇಳ್ದೆ. ಕಲ್ಲಿನ ಹಾಗೆ ನಿಂತಿದ್ದ. ತಪ್ಪು ಮಾಡದವನಿಗೆ ನಾಲಿಗೆ ಇರಲ್ವಾ?”

ಕೊನೆಗೆ ಅಧ್ಯಕ್ಷರು. ಅಂದಿನ ತಂಡದ ನಾಯಕ, ಇಂದು ಇಡೀ ಸಂಘದ ಒಡೆಯ. ಇಸ್ತ್ರಿ ಮಾಡಿದ ಕೋಟು, ದಣಿದ ಕಣ್ಣು. ಬಂದವರೇ ದಾಖಲೆಯಮ್ಮನ ಹೆಗಲು ತಟ್ಟಿದರು. “ನೀವು ತಲೆ ಕೆಡಿಸ್ಕೋಬೇಡಿ ಅಕ್ಕ. ಬೀಗದವನ ಮೇಲೂ ಕೇಸು ಬೇಡ. ಪಾಪ, ಬಿಟ್ಬಿಡಿ.”

“ದೊಡ್ಡ ಮನಸ್ಸು,” ಎಂದ ಮಾವ. “ನಿನ್ನೆ ನೀವು ಗೆರೆ ದಾಟಿ ಬೀರು ಹತ್ರ ಹೋಗಿದ್ರಾ?”

“ಇಲ್ಲವಲ್ಲ. ಈಚೆ ನಿಂತು ನೋಡ್ದೆ. ಅಕ್ಕನ ಎದುರಿಗೇ.”

“ಆಮೇಲೂ?”

“ಆಮೇಲೆ ಚಹಾ ಕುಡಿದು ಹೊರಟೆ. ಯಾಕೆ?”

“ಸುಮ್ನೆ. ರೆಫ್ರಿ ಚಾಳಿ. ಒಂದನ್ನೇ ಎರಡು ಸಲ ಕೇಳ್ತೀನಿ.”

ಅಷ್ಟರಲ್ಲಿ ಪೇದೆಯ ಹಿಂದೆ ಬೀಗದವನು ಬಂದ. ಕೈಯಲ್ಲಿ ಹತಾರದ ಡಬ್ಬಿ. ಕಳ್ಳನೆಂದು ಕರೆದರೋ ಕೆಲಸಕ್ಕೆ ಕರೆದರೋ ತಿಳಿಯದೆ ಅದನ್ನೂ ಹೊತ್ತು ತಂದಿದ್ದ. ಕೋಣೆಯಲ್ಲಿ ಇಂದಿನ ಅಧ್ಯಕ್ಷ, ಅಂದಿನ ಮೇಷ್ಟ್ರು, ಒಟ್ಟಿಗೆ ನಿಂತಿದ್ದನ್ನು ಕಂಡು ಅವನ ಹೆಜ್ಜೆ ಒಂದು ಗಳಿಗೆ ತಡೆಯಿತು. ಮೇಷ್ಟ್ರು ಮುಖ ತಿರುಗಿಸಿದರು.

ದಾಖಲೆಯಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

*

“ಅಮ್ಮಾ, ಗೆರೆ ಹೊಸದಾಗಿ ಹಾಕು,” ಎಂದ ಮಾವ. “ಆ ಮೂರು ಗುಳಿ ಇರೋ ಕಡೆ ಮಾತ್ರ ಮುಟ್ಟಬೇಡ.”

ಅವಳು ಜರಡಿಯಿಂದ ಪುಡಿ ಉದುರಿಸಿದಳು. ಪಟ್ಟಿ ಎಳೆದಳು. ಎಲ್ಲರೂ ನೋಡುತ್ತ ನಿಂತರು. ಹೊರಗೆ ಮೋಡ ಇಳಿದಿತ್ತು; ಕೋಣೆಯಲ್ಲಿ ಹಗಲೇ ಮಬ್ಬು.

“ಆ ಬೀರು ಬಾಗಿಲು ತೆಗೆದ್ರೆ ಸದ್ದು ಬರತ್ತಂತೆ,” ಎಂದ ಮಾವ. “ಸದ್ದು ಎಷ್ಟು ಅಂತ ನಾನು ಆಫೀಸಲ್ಲಿ ಕೂತು ಕೇಳ್ಬೇಕು ಅಂತಿದ್ದೆ. ಕಿವಿ ಮಂದ, ಇಲ್ಲೇ ನಿಂತ್ಕೋತೀನಿ. ಒಬ್ಬೊಬ್ಬರಾಗಿ ಹೋಗಿ ಬಾಗಿಲು ತೆಗೆದು ಬನ್ನಿ. ಚರಿತ್ರೆಗಾರ, ನೀನು ಮೊದಲು.”

ಹುಡುಗ ಬೀರುವನ್ನೇ ನೋಡುತ್ತ ನಡೆದ. ಗೆರೆಯ ನಟ್ಟನಡುವೆ ಚಪ್ಪಲಿ ಊರಿದ. “ಅಯ್ಯೋ! ಕ್ಷಮಿಸಿ ಅಕ್ಕ.”

“ಪರವಾಗಿಲ್ಲ. ಮೇಷ್ಟ್ರೇ?”

ಮೇಷ್ಟ್ರು ಗೊಣಗುತ್ತ ಹೋದರು. ಗೆರೆ ತುಳಿಯಬಾರದೆಂದು ಬಲಗಾಲನ್ನು ಎತ್ತಿ ದಾಟಿಸಿದರು. ಎಡಗಾಲು ಮಾತು ಕೇಳಲಿಲ್ಲ. ಪುಡಿಯನ್ನು ಉದ್ದಕ್ಕೆ ಗೀರಿಕೊಂಡು ಹೋಯಿತು. ಊರುಗೋಲಿನದೊಂದು ದುಂಡು ಗುರುತು ಬಿತ್ತು.

“ಬೀಗದವರೇ, ನೀವು.”

ಬೀಗದವನು ಹೋದ. ಗೆರೆಯ ಮೇಲೆ ಎರಡೂ ಪಾದ ಜೋಡಿಸಿ ನಿಂತ. ಅವನಿಗೇ ಅರಿವಿಲ್ಲದೆ ಹಿಮ್ಮಡಿ ಒಮ್ಮೆ ನೆಲವನ್ನು ಉಜ್ಜಿತು. ಆಮೇಲೆ ಒಳಗೆ ಇಳಿದ. ಪುಡಿ ಚೆಲ್ಲಾಪಿಲ್ಲಿ.

“ಅಧ್ಯಕ್ಷರೇ.”

ದಾಖಲೆಯಮ್ಮ ಕೆಟ್ಟ ಭಾಗಗಳಿಗೆ ಮತ್ತೆ ಪಟ್ಟಿ ಎಳೆದಳು. ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡರು. “ಇದೆಲ್ಲ ಏನು ಮಾವ, ಮಕ್ಕಳಾಟ?” ಎನ್ನುತ್ತ ಹೊರಟರು. ಬಲಗಾಲು ಹಗುರಾಗಿ ಗೆರೆ ದಾಟಿತು. ಹಿಂದೆಯೇ ಎಡಗಾಲು. ನಡು ಬಾಗಿತು. ಬಲಗೈ ಕೆಳಗಿಳಿಯಿತು. ಮೂರು ಬೆರಳು ಗೆರೆಯ ಒಳ ಅಂಚನ್ನು ಮುಟ್ಟಿದವು...

ಮುಟ್ಟಿದ ಬೆರಳುಗಳು ಅಲ್ಲೇ ನಿಂತುಬಿಟ್ಟವು.

“ಕೈ ತೆಗೀರಿ,” ಎಂದ ಮಾವ. “ಪಕ್ಕದಲ್ಲಿ ನಿನ್ನೆದಿದೆ. ನೀವೇ ನೋಡ್ಕೊಳ್ಳಿ.”

ಹೊಸ ಮೂರು ಗುಳಿ, ಹಳೆಯ ಮೂರು ಗುಳಿ. ಅಂತರವೂ ಒಂದೇ, ಓರೆಯೂ ಒಂದೇ.

“ಇದು ಏನು ಮಾವ?” ಇನ್ಸ್‌ಪೆಕ್ಟರ್ ಮುಂದೆ ಬಂದ.

“ಮೇಷ್ಟ್ರು ಕಲಿಸಿದ ಪಾಠ ಸ್ವಾಮಿ. ಮೈದಾನ ಅಂದ್ರೆ ಗುಡಿ ಅಂತ ಹೇಳ್ಕೊಟ್ಟಿದ್ರು. ಗೆರೆ ತುಳೀಬೇಡ. ದಾಟು, ಬಗ್ಗು, ಮುಟ್ಟು, ಆಮೇಲೆ ಆಡು. ಅವರ ಹುಡುಗರನ್ನ ನಾನು ಎಷ್ಟು ಸಲ ಹಾಗೆ ಒಳಗೆ ಬಿಟ್ಟಿಲ್ಲ! ಸೂಟು ಹಾಕ್ಕೊಂಡು ಉದ್ಘಾಟನೆಗೆ ಬಂದ್ರೂ ಅಧ್ಯಕ್ಷರು ಬಗ್ಗೇ ಬಗ್ತಾರೆ. ಅದು ಭಕ್ತಿ, ಸುಳ್ಳಲ್ಲ. ಆದ್ರೆ ಗೋಲ್‌ಕೀಪರಿಗೆ ಆ ಪಾಠ ಇಲ್ಲ. ಅವನ ಕೈಗೆ ಗವಸಿರತ್ತೆ. ಗೆರೆ ಅವನ ಮನೆ. ಅದರ ಮೇಲೇ ನಿಲ್ಲೋನು, ಹಿಮ್ಮಡಿಯಿಂದ ನಡು ಗುರುತು ಮಾಡ್ಕೊಳ್ಳೋನು. ಈ ಹುಡುಗ ಮೈದಾನಕ್ಕೆ ಇಳಿದವನೇ ಅಲ್ಲ. ಮೇಷ್ಟ್ರಿಗೆ ಬಗ್ಗೋ ಹಾಗಿಲ್ಲ. ನನ್ನ ಸೊಸೆ ಪುಡಿ ಮುಟ್ಟೋದು ಪಟ್ಟಿಯಿಂದ. ಉಳಿದೋರು?”

“ಬಗ್ಗಿದ್ರೆ ಕಳ್ಳನಾ?” ಅಧ್ಯಕ್ಷರ ದನಿ ಒಣಗಿತ್ತು.

“ಬಗ್ಗಿದ್ದಕ್ಕಲ್ಲ. ಆಚೆ ಹೋಗ್ಲಿಲ್ಲ ಅಂದ್ರಲ್ಲ, ಅದಕ್ಕೆ. ಕದಿಯೋಕೆ ಹೋಗ್ತಾನೂ ನಮಸ್ಕಾರ ಮಾಡಿ ಒಳಗೆ ಹೋಗೋ ಕಳ್ಳ ಈ ಕಟ್ಟಡದಲ್ಲಿ ಒಬ್ಬನೇ. ಬೇಲಿಯೇ ಎದ್ದು ಹೊಲ ಮೇಯ್ತು. ಯಾಕೆ ಮೇಯ್ತು ಅನ್ನೋದು ನನಗೆ ಗೊತ್ತಿಲ್ಲ. ಆ ಸೆಟೆದ ಬೆರಳಿಗೆ ಗೊತ್ತು.”

“ಬಿಡಿ.”

ಎಲ್ಲರೂ ತಿರುಗಿದರು. ಮಾತಾಡಿದವನು ಬೀಗದವನು. ನೆಲ ನೋಡುತ್ತಿದ್ದ.

“ಬಿಡಿ ಮಾವ. ನಾನೇ ತಗೊಂಡಿದ್ದು. ಇನ್ನೊಂದು ಕೀಲಿಕೈ ಮಾಡಿದ್ದೆ. ಕರ್ಕೊಂಡು ಹೋಗಿ ಸರ್.”

ದಾಖಲೆಯಮ್ಮನ ಬಾಯಿಂದ ಸಣ್ಣ ಚೀತ್ಕಾರ ಹೊರಟಿತು. ಆದರೆ ಅವಳಿಗಿಂತ ಮೊದಲು ಕುಸಿದವರು ಅಧ್ಯಕ್ಷರು. ಹಸಿರು ಹಾಸಿನ ಮೇಲೆ, ಕೋಟಿನ ಸಮೇತ, ಮಂಡಿ ಮಡಿಸಿ ಕೂತುಬಿಟ್ಟರು.

“ಇನ್ನೊಂದು ಸಲ ಬೇಡ ಕಣೋ,” ಎಂದರು. “ಇನ್ನೊಂದು ಸಲ ನನ್ನ ಕಾಪಾಡಬೇಡ.”

*

ಕೈಗವಸು ಅವರ ಮೇಜಿನ ಖಾನೆಯಲ್ಲೇ ಇತ್ತು. ಸುಡಲು ಕೈ ಬಂದಿರಲಿಲ್ಲ. ಇನ್ಸ್‌ಪೆಕ್ಟರ್ ಬಲಗೈ ಗವಸಿನ ಹೊಲಿಗೆ ಬಿಚ್ಚಿದ. ಸೆಟೆದ ಬೆರಳಿನಿಂದ ಮುರಿದ ಬಾಚಣಿಗೆಯ ಬೆನ್ನುಪಟ್ಟಿ ಈಚೆ ಬಂತು. ಅದಕ್ಕೆ ಸುತ್ತಿದ್ದ ಹಳದಿ ಬಟ್ಟೆ ಕಪ್ಪಗೆ ಒಣಗಿತ್ತು; ನಾಯಕನ ತೋಳುಪಟ್ಟಿಯಿಂದ ಹರಿದ ತುಂಡು.

ಅಧ್ಯಕ್ಷರು ನೆಲದಿಂದ ಏಳದೆ ಹೇಳಿದರು.

ಫೈನಲ್‌ನ ಹಿಂದಿನ ಸಂಜೆ ಚೆಂಡು ಮುಟ್ಟಬಾರದು. ಮುಟ್ಟಿದವನು ಮನೆಗೆ. ಅದು ಮೇಷ್ಟ್ರ ಕಟ್ಟಪ್ಪಣೆ. ನಾಯಕನಿಗೆ ಪೆನಾಲ್ಟಿ ಹೊಡೆತದ್ದೇ ಚಿಂತೆ. ಗೆಳೆಯನನ್ನು ಕಾಡಿ ಬೇಡಿ ವಸತಿಯ ಹಿಂದಿನ ಸಿಮೆಂಟು ಅಂಗಳಕ್ಕೆ ಕರೆದೊಯ್ದ. ಒದ್ದೆ ಚೆಂಡು, ಬರಿಗೈ. ಒಂದು ಹೊಡೆತಕ್ಕೆ ಗೆಳೆಯನ ಬೆರಳು ಗೋಡೆಗೂ ಚೆಂಡಿಗೂ ನಡುವೆ ಸಿಕ್ಕಿತು. ಮುರಿದ ಸದ್ದು ಇಬ್ಬರಿಗೂ ಕೇಳಿಸಿತು.

“ಹೇಳಬೇಡ ಅಂತ ಕಾಲು ಹಿಡ್ಕೊಂಡೆ. ಎರಡನೇ ಕೀಪರ್ ಇದ್ದ. ಅವನನ್ನ ಇಳಿಸಬೇಕು ಅಂದ್ರೆ ಕಾರಣ ಹೇಳ್ಬೇಕಿತ್ತು. ಇವನು ಹೇಳಲಿಲ್ಲ. ನಾನೇ ಬಾಚಣಿಗೆ ಮುರಿದು ಕಟ್ಟಿದೆ. ಮಾರ್ಕೊಂಡ ಅಂತ ಮೇಷ್ಟ್ರು ಬಯ್ಯುವಾಗ್ಲೂ ಇವನು ನನ್ನ ಮುಖ ನೋಡ್ತಾ ನಿಂತಿದ್ದ. ನಾನು ಬೂಟಿನ ದಾರ ಬಿಚ್ತಾ ಇದ್ದೆ.”

ಮೇಷ್ಟ್ರು ಊರುಗೋಲು ಬಿಟ್ಟರು. ಅದು ನೆಲಕ್ಕೆ ಬಿದ್ದು ಉರುಳಿತು, ಯಾರೂ ಎತ್ತಲಿಲ್ಲ. “ನನಗೆ ಹೆದರಿ...” ಎಂದರು. “ನನಗೆ ಹೆದರಿ ಹೇಳಲಿಲ್ವೇನೋ?” ಬಾರುಕೋಲಿನ ದನಿ ಎಲ್ಲೋ ಹೋಗಿತ್ತು. ಬೀಗದವನು ಅವರನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿದ.

“ನಾನು ಏನು ಬರೀಲಿ?” ಚರಿತ್ರೆಗಾರ ಮೆಲ್ಲಗೆ ಕೇಳಿದ.

“ಎಂಟು ಗೋಲು ಅಂತಲೇ ಬರಿಯಪ್ಪ,” ಎಂದ ಬೀಗದವನು. “ಬಿಟ್ಟಿದ್ದು ಸುಳ್ಳಲ್ಲವಲ್ಲ.”

ಅಧ್ಯಕ್ಷರು ತಲೆ ಎತ್ತಿದರು. “ನಾನೇನು ಮಾಡ್ಲಿ ಹೇಳು. ಕಾಲು ಹಿಡೀಲಾ? ಜೈಲಿಗೆ ಹೋಗ್ಲಾ?”

ಬೀಗದವನು ಹತಾರದ ಡಬ್ಬಿಯ ಮುಚ್ಚಳ ತೆಗೆದು ಮುಚ್ಚಿದ. ಮಾತನ್ನು ಎಲ್ಲಿಟ್ಟಿದ್ದೆನೆಂದು ಹುಡುಕುವವನಂತಿದ್ದ.

“ಅಮ್ಮ ಹೋಗೋ ದಿನ ನನ್ನ ಕೈ ಹಿಡ್ಕೊಂಡಳು,” ಎಂದ ಕೊನೆಗೆ. “‘ಆ ದುಡ್ಡು ಎಲ್ಲಿಟ್ಟೆ ಮಗಾ? ನಂಗಾದ್ರೂ ಹೇಳು. ಯಾರಿಗೂ ಹೇಳಲ್ಲ’ ಅಂದಳು. ದುಡ್ಡು ಇಲ್ಲಮ್ಮ, ನಾನು ಮಾರ್ಕೊಂಡಿಲ್ಲ ಅಂದೆ. ‘ಆಯ್ತು ಬಿಡು’ ಅಂತ ಕೈ ತಟ್ಟಿ ಮಲಗಿದ್ಲು. ನಂಬಲಿಲ್ಲ. ನನ್ನ ಮೇಲೆ ಸಿಟ್ಟೂ ಇರಲಿಲ್ಲ ಅವಳಿಗೆ; ನಂಬಿಕೆಯೂ ಇರಲಿಲ್ಲ. ಊರು ಏನಂದ್ರೂ ನಾನು ತಡ್ಕೊಂಡೆ. ಅದನ್ನ ತಡ್ಕೊಳ್ಳೋಕಾಗಿಲ್ಲ. ಅವಳಿಗೆ ಹೇಳು ಹೋಗು.”

“ಇಲ್ಲದೋರಿಗೆ ಹೇಗೋ ಹೇಳ್ಲಿ?”

“ಅದು ನನಗೆ ಗೊತ್ತಿಲ್ಲ.”

*

ಅಧ್ಯಕ್ಷರು ಮೆಟ್ಟಿಲಿಳಿದು ಹೋದರು. ಹಿಂದೆ ಇನ್ಸ್‌ಪೆಕ್ಟರ್, ಅವನಿಗೂ ಅವಸರವಿರಲಿಲ್ಲ. ಮಾವ ಮೇಷ್ಟ್ರ ಕೈ ಹಿಡಿದು ನಡೆಸಿಕೊಂಡು ಹೋದ; ಪೇದೆ, ಚರಿತ್ರೆಗಾರ ಅವರ ಹಿಂದೆ. ಮಾಳಿಗೆಯಲ್ಲಿ ದಾಖಲೆಯಮ್ಮ, ಬೀಗದವನು ಇಬ್ಬರೇ ಉಳಿದರು.

“ನೀವು ಹೋಗಲ್ವಾ?” ಎಂದಳು.

“ಇಲ್ಲ ಅಕ್ಕ. ಅಷ್ಟು ಜನದ ಮುಂದೆ ಅಭ್ಯಾಸ ತಪ್ಪಿದೆ.”

ಕೆಳಗೆ ಬ್ಯಾಂಡಿನ ಸದ್ದು ನಿಂತಿತು. ಮೈಕು ಒಮ್ಮೆ ಕಿರುಗುಟ್ಟಿತು. ಅಧ್ಯಕ್ಷರ ಉಸಿರು, ಮೊದಲು ಬರೀ ಉಸಿರು, ಮೈದಾನದ ಮೇಲೆಲ್ಲ ಹರಡಿತು. ಆಮೇಲೆ ಮಾತು. ಫೈನಲ್‌ನ ಹಿಂದಿನ ಸಂಜೆ ಎಂದರು. ಸಿಮೆಂಟು ಅಂಗಳ ಎಂದರು. ನಾನು ಎಂದರು. ಇಂದಿನ ತಂಡದ ಹುಡುಗರು ಸಾಲಾಗಿ ನಿಂತಿದ್ದರು. ಅವರಲ್ಲಿ ಒಬ್ಬನೂ ಅಲುಗಲಿಲ್ಲ. ಬಳಿಕ ಅಧ್ಯಕ್ಷರು ಗೋಲ್‌ಕೀಪರನ ಹೆಸರು ಹೇಳಿದರು. ಅಡ್ಡಹೆಸರಲ್ಲ, ತಾಯಿ ಇಟ್ಟ ಹೆಸರು. ಅಷ್ಟು ಕಾಲದ ಮೇಲೆ ಆ ಮೈದಾನದಲ್ಲಿ ಆ ಹೆಸರು ಪೂರ್ತಿಯಾಗಿ ಕೇಳಿಸಿತು.

ಬೆಂಚಿನ ಮೇಲಿದ್ದ ಬೀಗದವನು ಎದ್ದು ನಿಂತ. ಯಾರೋ ಕರೆದರೆ ಹುಡುಗರು ಏಳುವಂತೆ, ಯೋಚನೆಯಿಲ್ಲದೆ.

ಅವನ ಕಣ್ಣು ಒದ್ದೆಯಾಗಿರಲಿಲ್ಲ. ಕಿಟಕಿಯ ಕಡೆ ಕಿವಿಗೊಟ್ಟು, ದೂರದ ಸದ್ದನ್ನು ಅಳೆಯುವವನಂತೆ ತಲೆ ಓರೆ ಮಾಡಿದ.

“ಅಕ್ಕಾ, ಇಷ್ಟು ಜೋರಾಗಿ ಹೇಳಿದ್ರೆ ಅವಳಿಗೆ ಕೇಳ್ಸಿರತ್ತಾ?”

ದಾಖಲೆಯಮ್ಮನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜ ಯಾವುದೆಂದು ತಿಳಿದಿರಲಿಲ್ಲ. ದೇವರನ್ನು ಮನಸ್ಸಿನಲ್ಲೇ ನೆನೆದಳು. ಕಿಟಕಿಯ ಹತ್ತಿರ ಹೋಗಿ, ಮುಚ್ಚಿದ್ದ ಇನ್ನೊಂದು ಕದವನ್ನೂ ತೆರೆದಳು.